ಕಲ್ಲು ಎಲ್ಲಿ ಕೂತಿದೆ? ಪಿತ್ತಕೋಶ, ಜಿಡ್ಡು ಮತ್ತು ನಮ್ಮ ಕೊಡಗಿನ ಊಟ

ದುಬಾರೆಯ ಆನೆಗಳಿಗೆ ಪಿತ್ತಕೋಶ ಇಲ್ಲ. ನಾಗರಹೊಳೆಯ ಕಡವೆಗೂ ಇಲ್ಲ, ಚುಕ್ಕೆ ಜಿಂಕೆಗೂ ಇಲ್ಲ. ಅದೇ ಕಾಡಿನ ಹುಲಿಗೆ ಇದೆ, ಕಾಡುಹಂದಿಗೂ ಇದೆ. ಆನೆ ದಿನದ ಬಹುಪಾಲು ಮೇಯುತ್ತಲೇ ಇರುತ್ತದೆ. ಯಕೃತ್ತಿನಿಂದ ಪಿತ್ತರಸ ಸದಾ ಕರುಳಿಗೆ ಜಿನುಗುತ್ತಿದ್ದರೆ ಅದಕ್ಕೆ ಸಾಕು. ಹುಲಿ ಹಾಗಲ್ಲ, ಒಂದು ಬೇಟೆಯಾದರೆ ಒಂದೇ ಸಲಕ್ಕೆ ಹೊಟ್ಟೆ ಬಿರಿಯ ತಿಂದು ಮತ್ತೆ ದಿನಗಟ್ಟಲೆ ಸುಮ್ಮನಿರುತ್ತದೆ. ಅಷ್ಟೂ ಮಾಂಸದ ಕೊಬ್ಬು ಕರುಳಿಗೆ ಇಳಿಯುವ ಹೊತ್ತಿಗೆ ಕೂಡಿಟ್ಟ ಪಿತ್ತರಸ ಒಟ್ಟಿಗೆ ಬೇಕಾಗುತ್ತದೆ. ಈ ಲೆಕ್ಕ ಎಲ್ಲ ಪ್ರಾಣಿಗಳಿಗೂ ಹೊಂದುವುದಿಲ್ಲ, ದಿನವಿಡೀ ಮೇಯುವ ಹಸುವಿಗೂ ಪಿತ್ತಕೋಶ ಇದೆ. ಆದರೂ ಆ ಅಂಗ ಏನು ಮಾಡುತ್ತದೆ ಎಂದು ತಿಳಿಯಲು ಇದು ಒಳ್ಳೆಯ ದಾರಿ. ಪಿತ್ತಕೋಶ ಕೂಡಿಡುವ ಚೀಲ. ಜೀರ್ಣಕ್ಕೆ ಬೇಕಿರುವುದು ಅದರೊಳಗಿನ ರಸ.

ಪಿತ್ತಕೋಶದಲ್ಲಿ ಕಲ್ಲಿದೆ ಎಂಬ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ ಮೇಲೆ ಮನೆಯವರೆಲ್ಲ ಕೇಳುವ ಪ್ರಶ್ನೆಗಳು ಎರಡೇ. ಇನ್ನು ತಿಂದದ್ದು ಮೈಗೆ ಹತ್ತುತ್ತದೆಯೇ? ಚೀಲ ತೆಗೆಸಿದರೆ ಬದುಕಿರುವಷ್ಟು ದಿನ ಸಪ್ಪೆ ಊಟವೇ? ಎರಡಕ್ಕೂ ಉತ್ತರ ಸಿಗುವುದು ಕಲ್ಲು ಎಲ್ಲಿ ಕೂತಿದೆ ಎಂಬುದರಿಂದ. ಎಷ್ಟು ಕಲ್ಲು, ಎಷ್ಟು ಮಿಲಿಮೀಟರ್ ಎಂಬ ಲೆಕ್ಕದ ಹಿಂದೆ ಬೀಳುವ ನಾವು ಈ ಮುಖ್ಯ ಸಂಗತಿಯನ್ನೇ ಕೇಳುವುದಿಲ್ಲ.

ಹಂದಿ ಕೊಯ್ದು ಗೊತ್ತಿರುವವರಿಗೆ ಪಿತ್ತಕೋಶ ಹೊಸದೇನಲ್ಲ. ಲಿವರಿನ ಅಡಿಗೆ ಅಂಟಿಕೊಂಡಿರುವ ಹಸಿರು ಚೀಲವನ್ನು ಒಡೆಯದ ಹಾಗೆ, ಸುತ್ತಲಿನ ಚೂರು ಲಿವರ್ ಹೋದರೂ ಚಿಂತೆಯಿಲ್ಲ ಎಂದು ಜೋಪಾನವಾಗಿ ಬಿಡಿಸಿ ಎಸೆಯುತ್ತಾರೆ. ಒಡೆದು ಮಾಂಸಕ್ಕೆ ತಾಗಿದರೆ ಆ ಭಾಗವೆಲ್ಲ ಕಹಿ, ಎಷ್ಟು ತೊಳೆದರೂ ಪೂರ್ತಿ ಹೋಗದು. ಆ ಕಹಿ ಪಿತ್ತ ಲವಣಗಳದ್ದು. ಮನುಷ್ಯನ ಪಿತ್ತಕೋಶವೂ ಅದೇ ಜಾಗದಲ್ಲಿ, ಬಲ ಪಕ್ಕೆಲುಬಿನ ಅಡಿಯಲ್ಲಿ, ಯಕೃತ್ತಿಗೆ ಅಂಟಿಕೊಂಡೇ ಇದೆ. ಉದ್ದ 7ರಿಂದ 10 ಸೆಂಟಿಮೀಟರ್, ಹಿಡಿಯುವುದು 30ರಿಂದ 50 ಮಿಲಿ. ಯಕೃತ್ತು ದಿನಕ್ಕೆ ತಯಾರಿಸುವ ಪಿತ್ತರಸವೋ ಅರ್ಧದಿಂದ ಒಂದು ಲೀಟರ್. ಇಷ್ಟು ಚಿಕ್ಕ ಚೀಲ ಅಷ್ಟನ್ನು ನಿಭಾಯಿಸುವುದು ನೀರನ್ನು ಹೀರಿ ತೆಗೆದು ರಸವನ್ನು ಐದರಿಂದ ಹತ್ತು ಪಟ್ಟು ಗಟ್ಟಿ ಮಾಡಿಕೊಳ್ಳುವುದರಿಂದ. ಕಲ್ಲು ಹುಟ್ಟುವುದಕ್ಕೂ ಈ ಗಟ್ಟಿಯಾಗುವಿಕೆಯೇ ದಾರಿ ಮಾಡಿಕೊಡುತ್ತದೆ.

ಊಟದ ಕೊಬ್ಬು ಮತ್ತು ಪ್ರೋಟೀನು ಜಠರದಿಂದ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿದಾಗ ಅಲ್ಲಿನ ಗೋಡೆಯಿಂದ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ತಲುಪಿದ ಕೂಡಲೇ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಪಿತ್ತನಾಳದ ಕೊನೆಯಲ್ಲಿರುವ ಬಿಗಿ ಸ್ನಾಯು ಸಡಿಲವಾಗುತ್ತದೆ, ರಸ ಕರುಳಿಗೆ ಬೀಳುತ್ತದೆ. ಪಂದಿ ಕರಿ ಮಾಡಿದ ಪಾತ್ರೆಯ ಜಿಡ್ಡು ಬರೀ ನೀರಿಗೆ ಬಿಡದೆ ಸೋಪು ಹಾಕಿ ತಿಕ್ಕಿದಾಗ ಬಿಡುವಂತೆ, ನೀರಿನಲ್ಲಿ ಬೆರೆಯದ ಕೊಬ್ಬನ್ನು ಪಿತ್ತ ಲವಣಗಳು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತವೆ. ಆ ಹನಿಗಳ ಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಕೆಲಸ ಮಾಡಿ ಕೊಬ್ಬನ್ನು ಕತ್ತರಿಸುತ್ತದೆ. ಕತ್ತರಿಸಿದ ತುಣುಕುಗಳನ್ನೂ ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ಮಿಸೆಲ್ ಎಂಬ ಅತಿ ಸೂಕ್ಷ್ಮ ಕಣಗಳಲ್ಲಿ ತುಂಬಿಕೊಂಡು ಕರುಳಿನ ಗೋಡೆಯವರೆಗೆ ಹೊತ್ತೊಯ್ಯುವುದು ಮತ್ತೆ ಪಿತ್ತ ಲವಣಗಳೇ. ಕೆಲಸ ಮುಗಿದ ಮೇಲೆ ಅವು ವ್ಯರ್ಥವಾಗುವುದಿಲ್ಲ. ಸಣ್ಣ ಕರುಳಿನ ಕೊನೆಯ ಭಾಗ ಶೇ. 95ರಷ್ಟನ್ನು ಹೀರಿಕೊಂಡು ಯಕೃತ್ತಿಗೆ ವಾಪಸ್ ಕಳಿಸುತ್ತದೆ. ಮೈಯಲ್ಲಿರುವ ಒಟ್ಟು ಪಿತ್ತ ಲವಣ 2ರಿಂದ 4 ಗ್ರಾಂ ಮಾತ್ರ. ಅಷ್ಟೇ ದಿನಕ್ಕೆ ಹಲವು ಸುತ್ತು ಹೊಡೆಯುತ್ತದೆ. ಮಲದಲ್ಲಿ ಹೋದ ಅರ್ಧ ಗ್ರಾಂ ಆಸುಪಾಸನ್ನು ಯಕೃತ್ತು ಹೊಸದಾಗಿ ತಯಾರಿಸಿ ತುಂಬುತ್ತದೆ.

ಅನ್ನ, ಅಕ್ಕಿಯ ಕಡಂಬುಟ್ಟು, ನೂಪುಟ್ಟುಗಳ ಪಿಷ್ಟಕ್ಕೆ ಪಿತ್ತರಸದ ಹಂಗಿಲ್ಲ. ಬೇಳೆ, ಮೀನು, ಮೊಟ್ಟೆಯ ಬಿಳಿ ಭಾಗದ ಪ್ರೋಟೀನಿಗೂ ಇಲ್ಲ. ಕಬ್ಬಿಣಾಂಶ, ಬಿ12 ಇವೆರಡೂ ಬೇರೆ ದಾರಿಯಲ್ಲಿ ಹೋಗುತ್ತವೆ. ಪಿತ್ತಕೋಶದಲ್ಲಿ ಕಲ್ಲಿದೆ ಎಂದ ಮಾತ್ರಕ್ಕೆ ರಕ್ತ ಕಡಿಮೆಯಾಗುವುದಿಲ್ಲ. ಹಿಮೋಗ್ಲೋಬಿನ್ 8ಕ್ಕೆ ಇಳಿದಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು, ಕಲ್ಲಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ಆದರೆ ಇದನ್ನು ತಿರುಗಿಸಿ ನೋಡಬೇಕಾದ ಸಂದರ್ಭವೂ ಇದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಬೇಗ ಒಡೆಯುತ್ತವೆ. ಒಡೆದ ಕಣದಿಂದ ಬರುವ ಬಿಲಿರುಬಿನ್ ಎಂಬ ಹಳದಿ ವಸ್ತು ಪಿತ್ತರಸದಲ್ಲಿ ಹೆಚ್ಚಾಗಿ ಕಪ್ಪು ಕಲ್ಲಾಗುತ್ತದೆ. ನೀಲಗಿರಿ, ವಯನಾಡು, ಮೈಸೂರು ಸೀಮೆಯ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ಹಾಡಿಯ ಹದಿನೈದು ವರ್ಷದ ಹುಡುಗನಿಗೆ ಪಿತ್ತಕೋಶದಲ್ಲಿ ಕಲ್ಲು ಕಂಡರೆ ಅದನ್ನು ಊಟದ ದೋಷ ಎನ್ನಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿ ರಕ್ತಹೀನತೆಯೇ ಕಲ್ಲಿಗೆ ಮೂಲ.

ಈಗ ಕಲ್ಲಿನ ಜಾಗಕ್ಕೆ ಬರೋಣ.

ಕಲ್ಲು ಚೀಲದೊಳಗೆ ಆರಾಮವಾಗಿ ಬಿದ್ದಿದ್ದರೆ ಜೀರ್ಣಕ್ಕೆ ಏನೂ ಆಗುವುದಿಲ್ಲ. ಕಲ್ಲಿರುವ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಕಾಣುತ್ತದೆ, ಅಷ್ಟೇ. ಇಂಥವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಡ, ಪಥ್ಯವೂ ಬೇಡ. ಹೊಟ್ಟೆ ಉಬ್ಬರ, ತೇಗು, ಹುಳಿ ತೇಗು, ಎದೆಯುರಿ ಇವು ಕಲ್ಲಿಲ್ಲದವರಲ್ಲೂ ಅಷ್ಟೇ ಸಾಮಾನ್ಯ. ಅವಕ್ಕೆಂದು ಚೀಲ ತೆಗೆಸಿದರೆ ಕಲ್ಲು ಹೋಗುತ್ತದೆ, ತೇಗು ಉಳಿಯುತ್ತದೆ. ಹೀಗೆ ನಿರಾಶರಾದವರು ಬಹಳ ಮಂದಿ ಇದ್ದಾರೆ.

ಕಲ್ಲು ಚೀಲದ ಕುತ್ತಿಗೆಗೆ ಬಂದು ಸಿಕ್ಕಿಕೊಂಡಾಗ ನೋವು ಶುರುವಾಗುತ್ತದೆ. ಮದುವೆ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಬಂದು ಮಲಗಿದ ಮೇಲೆ, ಸರಿ ರಾತ್ರಿಯ ಹೊತ್ತಿಗೆ, ಹೊಟ್ಟೆಯ ಮೇಲ್ಭಾಗದ ನಡುವೆ ಇಲ್ಲವೇ ಬಲ ಪಕ್ಕೆಯ ಕೆಳಗೆ ಹಿಡಿದು ಒತ್ತಿದಂಥ ನೋವು. ಬೆನ್ನಿಗೆ, ಬಲ ಹೆಗಲಿಗೆ ಹರಡುತ್ತದೆ. ಬಂದು ಹೋಗಿ ಮಾಡುವುದಿಲ್ಲ, ಏರಿ ನಿಂತು ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಒಂದೇ ಸಮ ಇದ್ದು ಇಳಿಯುತ್ತದೆ. ಮಗ್ಗುಲು ಬದಲಿಸಿದರೂ, ವಾಂತಿಯಾದರೂ, ಗಾಳಿ ಹೋದರೂ ಕಡಿಮೆಯಾಗುವುದಿಲ್ಲ. ನಮ್ಮಲ್ಲಿ ಇದಕ್ಕೆ ಮೊದಲು ಬೀಳುವ ಹೆಸರು ಗ್ಯಾಸ್ಟ್ರಿಕ್. ಓಮದ ನೀರು, ಮೆಡಿಕಲ್ ಶಾಪಿನ ಮಾತ್ರೆ, ಬೆಳಿಗ್ಗೆ ಹೊತ್ತಿಗೆ ತಾನಾಗಿ ಕಡಿಮೆ. ಕಲ್ಲು ಕುತ್ತಿಗೆಯಿಂದ ಹಿಂದಕ್ಕೆ ಜಾರಿದ್ದರಿಂದ ನೋವು ಹೋಗಿರುತ್ತದೆ, ಮಾತ್ರೆಗೆ ಹೆಸರು ಬರುತ್ತದೆ. ಐವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇದೇ ಜಾಗದ ನೋವು ಹೃದಯದ್ದೂ ಆಗಿರಬಹುದು, ಇಸಿಜಿ ಮಾಡಿಸದೆ ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸಬಾರದು. ನೋವು ಐದಾರು ಗಂಟೆ ದಾಟಿದರೆ, ಜ್ವರ ಬಂದರೆ, ಬಲ ಪಕ್ಕೆಯ ಕೆಳಗೆ ಒತ್ತಿ ಉಸಿರೆಳೆದಾಗ ಉಸಿರೇ ನಿಲ್ಲುವಷ್ಟು ನೋವಾದರೆ ಚೀಲಕ್ಕೆ ಉರಿಯೂತ ಆಗಿದೆ ಎಂದರ್ಥ. ಅದಕ್ಕೆ ಆಸ್ಪತ್ರೆಯೇ ಜಾಗ.

ಗಮನಿಸಿ, ಈ ಹಂತದಲ್ಲೂ ಪೋಷಕಾಂಶಗಳಿಗೆ ನೇರ ಪೆಟ್ಟಿಲ್ಲ. ಚೀಲದ ಬಾಯಿ ಮುಚ್ಚಿದ್ದರೂ ಯಕೃತ್ತಿನಿಂದ ಕರುಳಿಗೆ ಇರುವ ದೊಡ್ಡ ನಾಳ ತೆರೆದೇ ಇದೆ, ರಸ ಇಳಿಯುತ್ತಲೇ ಇದೆ. ಪೆಟ್ಟು ಬರುವುದು ಹೆದರಿಕೆಯಿಂದ. ಒಂದೆರಡು ರಾತ್ರಿ ಆ ನೋವು ಅನುಭವಿಸಿದವರು ಎಣ್ಣೆ, ತುಪ್ಪ, ಮೊಟ್ಟೆ, ಹಾಲು, ಮೀನು, ತೆಂಗಿನಕಾಯಿ ಎಲ್ಲವನ್ನೂ ಬಿಟ್ಟು ಗಂಜಿ, ಉಪ್ಪಿನಕಾಯಿಗೆ ಇಳಿಯುತ್ತಾರೆ. ರಾತ್ರಿ ಊಟವನ್ನೇ ಬಿಡುವವರೂ ಇದ್ದಾರೆ. ಆರು ತಿಂಗಳಲ್ಲಿ ಹತ್ತು ಕಿಲೋ ಇಳಿದು, ಕೂದಲು ಉದುರಿ, ಮೈಕೈ ನೋವು ಎಂದು ಬಂದಾಗ ಕಾರಣ ಕಲ್ಲಲ್ಲ, ತಟ್ಟೆ. ಇದರಲ್ಲಿ ಇನ್ನೊಂದು ಕೆಡುಕಿದೆ. ಕೊಬ್ಬೇ ಇಲ್ಲದ ಊಟಕ್ಕೆ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ. ರಸ ಒಳಗೇ ನಿಂತು ಇನ್ನಷ್ಟು ಗಟ್ಟಿಯಾಗುತ್ತದೆ. ಮೈ ಬೇಗ ಇಳಿಯುವಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟ್ರಾಲ್ ಬಿಡುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿಸಿದವರಲ್ಲಿ ಹೊಸ ಕಲ್ಲು ಹುಟ್ಟುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಕಲ್ಲಿಗೆ ಹೆದರಿ ಮಾಡುವ ಉಪವಾಸವೇ ಕಲ್ಲನ್ನು ಬೆಳೆಸುತ್ತದೆ.

ಹಾಗಾದರೆ ಆಪರೇಷನ್‌ಗೆ ಕಾಯುವ ದಿನಗಳಲ್ಲಿ ಎಷ್ಟು ತಿನ್ನಬೇಕು? ದಿನಕ್ಕೆ 40ರಿಂದ 50 ಗ್ರಾಂ ಕೊಬ್ಬು, ಒಂದು ಹೊತ್ತಿಗೆ 10ರಿಂದ 15 ಗ್ರಾಂ ದಾಟದಂತೆ. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ ಎಂದರೆ ಸುಮಾರು 5 ಗ್ರಾಂ. ಒಂದು ಮೊಟ್ಟೆಯಲ್ಲಿ 5 ಗ್ರಾಂ, ಅದೂ ಎಲ್ಲ ಹಳದಿ ಭಾಗದಲ್ಲೇ. ಹಸಿ ತೆಂಗಿನಕಾಯಿ ತುರಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಬ್ಬು, ಅಂದರೆ ಒಂದು ಹಿಡಿ ತುರಿಯಲ್ಲಿ ಒಂದು ಹೊತ್ತಿನ ಲೆಕ್ಕ ಮುಗಿಯುತ್ತದೆ. ಕೊಡಗಿನ ಅಡುಗೆಯ ಒಳ್ಳೆಯ ಗುಣ ಏನೆಂದರೆ ನಮ್ಮ ಪುಟ್ಟುಗಳು ಬಹುತೇಕ ಹಬೆಯಲ್ಲಿ ಬೆಂದವು. ಕಡಂಬುಟ್ಟಿನಲ್ಲಿ, ನೂಪುಟ್ಟಿನಲ್ಲಿ ಎಣ್ಣೆಯೇ ಇಲ್ಲ. ಅಕ್ಕಿ ಒತ್ತಿಯನ್ನು ಕೆಂಡದ ಮೇಲೆ ಸುಟ್ಟು ತಿನ್ನಬಹುದು. ಪಾಪುಟ್ಟಿನಲ್ಲಿ ಹಾಲೂ ತೆಂಗಿನಕಾಯಿಯೂ ಇರುವುದರಿಂದ ಅದರ ಜೊತೆಗೆ ಮತ್ತೆ ಕಾಯಿ ಹಾಕಿದ ಕೋಳಿ ಕರಿ ಬೇಡ. ಬೈಂಬಳೆ (ಕಣಿಲೆ), ಕುಮ್ಮು (ಅಣಬೆ), ಸೊಪ್ಪು ಎಲ್ಲವೂ ನಡೆಯುತ್ತದೆ, ಮಸಾಲೆಗೆ ಕಾಯಿ ಕಡಿಮೆ ಮಾಡಿದರೆ ಸಾಕು. ಖಾರಕ್ಕೂ ಕಲ್ಲಿಗೂ ಸಂಬಂಧವಿಲ್ಲ. ಹುಳಿಗೆ ಹಾಕುವ ಕಾಚಂಪುಳಿಗೂ ಇಲ್ಲ.

ಪಂದಿ ಕರಿ? ನೋವು ಬರುತ್ತಿರುವ ದಿನಗಳಲ್ಲಿ ಬಿಡುವುದೇ ಒಳ್ಳೆಯದು ಎಂದು ಖಂಡಿತವಾಗಿ ಹೇಳುತ್ತೇನೆ. ಹೊಟ್ಟೆ ಭಾಗದ ಹಸಿ ಮಾಂಸದಲ್ಲಿ 100 ಗ್ರಾಂಗೆ ಸುಮಾರು 50 ಗ್ರಾಂ ಕೊಬ್ಬು. ಕೊಬ್ಬು, ಚರ್ಮ ಬಿಡಿಸಿದ ತೊಡೆಯ ಭಾಗದಲ್ಲಿ 10 ಗ್ರಾಂ ಒಳಗೆ. ವ್ಯತ್ಯಾಸ ಇಷ್ಟು ದೊಡ್ಡದಿರುವಾಗ ಹಂದಿ ಎಂದೊಡನೆ ಒಂದೇ ತೂಕದಲ್ಲಿ ತೂಗುವುದು ತಪ್ಪು. ಆಪರೇಷನ್ ಆಗಿ ಸುಧಾರಿಸಿಕೊಂಡ ಮೇಲೆ ಕೈಲ್‌ಪೊಳ್ದು, ಪುತ್ತರಿ ಹಬ್ಬಗಳಿಗೆ ಆಸೆಯಾದರೆ ಮಾಡುವ ಕ್ರಮ ಹೀಗಿರಲಿ. ತೊಡೆಯ ತುಂಡುಗಳನ್ನೇ ಹೆಚ್ಚು ಹಾಕಿಸಿಕೊಳ್ಳಿ, ಬೇರೆ ಎಣ್ಣೆ ಹಾಕಬೇಡಿ, ಹಿಂದಿನ ಸಂಜೆಯೇ ಬೇಯಿಸಿ ಆರಿಸಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಬಿಳಿ ಕೊಬ್ಬು ಹೆಪ್ಪುಗಟ್ಟಿ ನಿಂತಿರುತ್ತದೆ. ಸೌಟಿನ ಅಂಚಿನಿಂದ ಒಂದು ಮೂಲೆ ಎಬ್ಬಿಸಿದರೆ ಹಲ್ಲೆಯಾಗಿ ಏಳುತ್ತದೆ. ಅದನ್ನು ತೆಗೆದು, ಮತ್ತೆ ಕುದಿಸಿ, ಕಾಚಂಪುಳಿ ಮತ್ತು ಹುರಿದ ಮಸಾಲೆ ಪುಡಿಯನ್ನು ಆಗ ಸೇರಿಸಿ. ರುಚಿಗೆ ಮೋಸವಾಗುವುದಿಲ್ಲ, ಕಪ್ಪು ಬಣ್ಣವೂ ಹಾಗೇ ಬರುತ್ತದೆ. ಮೂರು ನಾಲ್ಕು ತುಂಡಿನಿಂದ ಆರಂಭಿಸಿ.

ಬೆಳಗಿನ ಕಾಫಿಯ ವಿಷಯ ಇಲ್ಲಿ ಹೇಳಲೇಬೇಕು. ಕಾಫಿ ಪಿತ್ತಕೋಶವನ್ನು ಹಿಂಡಿಸುತ್ತದೆ, ಕೆಫೀನ್ ತೆಗೆದ ಕಾಫಿಯೂ ಹಿಂಡಿಸುತ್ತದೆ. ಕಲ್ಲಿರುವ ಕೆಲವರಿಗೆ ಕಾಫಿ ಕುಡಿದ ಮೇಲೆ ನೋವು ಬರಲು ಇದೂ ಒಂದು ಕಾರಣ. ಬಂದರೆ ಕಡಿಮೆ ಮಾಡಿ, ಬಾರದಿದ್ದರೆ ಕಾಫಿ ಬಿಡುವ ಅಗತ್ಯವಿಲ್ಲ. ಆದರೆ ಸ್ಕ್ಯಾನಿಂಗ್ ದಿನ ಮಾತ್ರ ಬೇಡವೇ ಬೇಡ. ಪಿತ್ತಕೋಶ ತುಂಬಿ ಉಬ್ಬಿದ್ದರೆ ಮಾತ್ರ ಅಲ್ಟ್ರಾಸೌಂಡಿನಲ್ಲಿ ಕಲ್ಲು ಚೆನ್ನಾಗಿ ಕಾಣುವುದು, ಅದಕ್ಕೇ ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆ ಕೇಳುತ್ತಾರೆ. ನಾಪೋಕ್ಲಿನಿಂದಲೋ ಶನಿವಾರಸಂತೆಯಿಂದಲೋ ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ಒಂದು ಲೋಟ ಹಾಲಿನ ಕಾಫಿ ಕುಡಿದು ಬಂದರೆ ಚೀಲ ಕುಗ್ಗಿರುತ್ತದೆ. ಕುಗ್ಗಿದ ಚೀಲದ ಗೋಡೆ ದಪ್ಪ ಕಾಣುತ್ತದೆ. 3 ಮಿಲಿಮೀಟರ್ ದಾಟಿದ ಗೋಡೆಯನ್ನು ಉರಿಯೂತದ ಗುರುತಾಗಿ ನೋಡುವುದರಿಂದ ಅನುಮಾನಕ್ಕೆ ದಾರಿ, ಸಣ್ಣ ಕಲ್ಲು ಮಡಿಕೆಯಲ್ಲಿ ಅಡಗಿ ತಪ್ಪಿಹೋಗುವ ಸಾಧ್ಯತೆ ಬೇರೆ. ನೀರು ಕುಡಿಯಬಹುದು, ಬಿಪಿ ಮಾತ್ರೆ ನೀರಿನಲ್ಲಿ ನುಂಗಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆಯ ಬಗ್ಗೆ ಹಿಂದಿನ ದಿನವೇ ಕೇಳಿಕೊಂಡಿರಬೇಕು, ಖಾಲಿ ಹೊಟ್ಟೆಯಲ್ಲಿ ಅದು ಸಕ್ಕರೆ ಇಳಿಸಿಬಿಡುತ್ತದೆ.

ಕಲ್ಲು ಚೀಲದಿಂದ ಜಾರಿ ದೊಡ್ಡ ಪಿತ್ತನಾಳದಲ್ಲಿ ಕೂತರೆ ಕಥೆ ಪೂರ್ತಿ ಬೇರೆ. ಈಗ ಯಕೃತ್ತಿನ ರಸಕ್ಕೆ ಕರುಳಿನ ದಾರಿ ಮುಚ್ಚಿತು. ಕಣ್ಣು ಹಳದಿ, ಮೈ ತುರಿಕೆ, ಮೂತ್ರ ಕಡು ಕಂದು, ಮಲ ಬೂದು ಬಿಳಿ. ಮಲಕ್ಕೆ ಬಣ್ಣ ಕೊಡುವುದೇ ಪಿತ್ತರಸದ ಬಿಲಿರುಬಿನ್. ಅದು ಕರುಳಿಗೆ ಇಳಿಯದಿದ್ದರೆ ಮಲ ಬಿಳಚಿಕೊಳ್ಳುತ್ತದೆ. ಕೊಬ್ಬು ಜೀರ್ಣವಾಗದೆ ಹೊರಹೋಗುವಾಗ ಮಲ ತೇಲುತ್ತದೆ, ಹೊಳೆಯುತ್ತದೆ, ನಾತ ಹೆಚ್ಚು, ಎಷ್ಟು ನೀರು ಹಾಕಿದರೂ ಬೇಸಿನ್ನಿಗೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ದಿನಕ್ಕೆ 100 ಗ್ರಾಂ ಕೊಬ್ಬು ತಿಂದರೂ ಆರೋಗ್ಯವಂತರ ಮಲದಲ್ಲಿ ಹೋಗುವುದು 7 ಗ್ರಾಂ ಒಳಗೆ. ನಾಳ ಕಟ್ಟಿದಾಗ ಇದು ಹಲವು ಪಟ್ಟು ಏರುತ್ತದೆ. ಪೋಷಕಾಂಶ ಸೋರಿಹೋಗುವುದು ನಿಜವಾಗಿ ಇಲ್ಲಿ.

ಎಲ್ಲಕ್ಕಿಂತ ಮೊದಲು ಕಡಿಮೆಯಾಗುವುದು ವಿಟಮಿನ್ ಕೆ. ಎ ವಿಟಮಿನ್ ಯಕೃತ್ತಿನಲ್ಲಿ ತಿಂಗಳುಗಟ್ಟಲೆಗೆ ಆಗುವಷ್ಟು ಇರುತ್ತದೆ, ಕೆ ಹಾಗೆ ಕೂಡಿರುವುದಿಲ್ಲ, ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಹಲವು ಪ್ರೋಟೀನುಗಳನ್ನು ಯಕೃತ್ತು ಸಿದ್ಧಗೊಳಿಸಲು ಅದು ಬೇಕೇ ಬೇಕು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಇಂಜೆಕ್ಷನ್ ಚುಚ್ಚಿದ ಜಾಗ ನೀಲಿಯಾಗಿ ಹರಡುವುದು, ಸಣ್ಣ ಗಾಯದ ರಕ್ತ ನಿಲ್ಲಲು ಬಹಳ ಹೊತ್ತು ಹಿಡಿಯುವುದು ಇದರ ಗುರುತುಗಳು. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಕೊಬ್ಬು ತೆಗೆದ ಆಹಾರ ಕೊಟ್ಟ ಕೋಳಿಮರಿಗಳಲ್ಲಿ ರಕ್ತಸ್ರಾವ ಕಂಡು ಈ ವಿಟಮಿನ್ ಪತ್ತೆಹಚ್ಚಿದರು, 1943ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಅದಕ್ಕೂ ಮೊದಲು ಕಾಮಾಲೆ ಇದ್ದವರ ಆಪರೇಷನ್ ಎಂದರೆ ಸರ್ಜನ್ನರು ರಕ್ತಸ್ರಾವಕ್ಕೆ ನಡುಗುತ್ತಿದ್ದರು. ಇಂದು ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಪಿಟಿ, ಐಎನ್‌ಆರ್ ಪರೀಕ್ಷೆ ಮಾಡಿ, ಹೆಚ್ಚಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ. ಬಾಯಿಂದ ಕೊಟ್ಟರೆ ಪಿತ್ತರಸವಿಲ್ಲದೆ ಹೀರುವುದಿಲ್ಲ, ಹಾಗಾಗಿ ಇಂಜೆಕ್ಷನ್. ಒಂದು ದಿನದೊಳಗೆ ಐಎನ್‌ಆರ್ ಇಳಿದರೆ ತೊಂದರೆ ನಾಳದ ಕಟ್ಟಿನದ್ದು, ಯಕೃತ್ತು ಚೆನ್ನಾಗಿಯೇ ಇದೆ. ಇಳಿಯದಿದ್ದರೆ ಯಕೃತ್ತೇ ಸೋತಿದೆ ಎಂಬ ಅನುಮಾನ. ಒಂದು ಇಂಜೆಕ್ಷನ್ ಚಿಕಿತ್ಸೆಯೂ ಆಗಿ ಪರೀಕ್ಷೆಯೂ ಆಗುವುದು ನನಗೆ ವೈದ್ಯಕೀಯದಲ್ಲಿ ತುಂಬ ಇಷ್ಟವಾದ ಸಂಗತಿ.

ಡಿ ವಿಟಮಿನ್‌ಗೆ ಇನ್ನೊಂದು ದಾರಿ ಇದೆ, ಬಿಸಿಲು. ಚರ್ಮದಲ್ಲಿ ತಯಾರಾದ ಡಿಗೆ ಪಿತ್ತರಸ ಬೇಡ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ಮಡಿಕೇರಿ ಕಡೆ ಬಿಸಿಲೇ ಅಪರೂಪ, ಮೈತುಂಬ ಬಟ್ಟೆ, ಮೇಲೆ ಕೊಡೆ. ನಾಳದ ತೊಂದರೆ ತಿಂಗಳುಗಟ್ಟಲೆ ಎಳೆದವರಿಗೆ ಆ ಮಳೆಗಾಲದಲ್ಲಿ ಎರಡೂ ದಾರಿ ಮುಚ್ಚುತ್ತವೆ, ಮೂಳೆ ನೋವು, ತೊಡೆಯ ಸ್ನಾಯು ಸೋಲುವುದು ಶುರುವಾಗುತ್ತದೆ. ಕ್ಯಾಲ್ಸಿಯಂಗೂ ಇದರಲ್ಲಿ ನಷ್ಟ. ಹೀರದೆ ಉಳಿದ ಕೊಬ್ಬಿನಾಮ್ಲ ಕರುಳಿನಲ್ಲಿ ಕ್ಯಾಲ್ಸಿಯಂ ಹಿಡಿದುಕೊಂಡು ಮಲದಲ್ಲಿ ಹೋಗುತ್ತದೆ. ಸಾಮಾನ್ಯವಾಗಿ ಆಕ್ಸಲೇಟನ್ನು ಕಟ್ಟಿಹಾಕುವುದು ಅದೇ ಕ್ಯಾಲ್ಸಿಯಂ. ಅದು ಸಿಗದೆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೆಚ್ಚುತ್ತದೆ, ಮೂತ್ರಪಿಂಡದ ಕಲ್ಲಿಗೆ ಕಾರಣವಾಗುತ್ತದೆ. ಬಹುಕಾಲ ಕೊಬ್ಬು ಸೋರುತ್ತಿರುವವರು ಮಳೆಗಾಲದ ಕೆಸದ ಸೊಪ್ಪನ್ನು ದಿನಾ ತಿನ್ನಬಾರದು ಎನ್ನುವುದು ಇದಕ್ಕೇ, ಕೆಸದಲ್ಲಿ ಆಕ್ಸಲೇಟ್ ಜಾಸ್ತಿ. ಬರೀ ಚೀಲದಲ್ಲಿ ಕಲ್ಲಿರುವವರಿಗೆ ಈ ನಿರ್ಬಂಧ ಬೇಡ.

ಕೊಡವರ ಕಕ್ಕಡ ತಿಂಗಳ 18ರ ಆಸುಪಾಸಿನಲ್ಲಿ, ಆಗಸ್ಟ್ ಮೊದಲ ವಾರ, ಒಂದು ಗೊಂದಲ ಆಗುವುದುಂಟು. ಮದ್ದು ಸೊಪ್ಪಿನ ಪಾಯಸವನ್ನೋ ಪುಟ್ಟನ್ನೋ ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ಬೇಗ ತಿಳಿಯಾಗುತ್ತದೆ, ಕಣ್ಣಿನ ಬಿಳಿ ಭಾಗ ಬಿಳಿಯಾಗೇ ಇರುತ್ತದೆ. ಮೂರು ದಿನ ಕಳೆದರೂ ಮೂತ್ರ ಕಂದಾಗೇ ಇದ್ದು ಮಲ ಬಿಳಚಿದ್ದರೆ ಸೊಪ್ಪಿನ ಹೆಸರು ಹೇಳಿ ತಡಮಾಡಬೇಡಿ. ಕಾಮಾಲೆ ಎಂದ ಕೂಡಲೇ ನಾಟಿ ಔಷಧಿ, ಉಪ್ಪು ಎಣ್ಣೆ ಇಲ್ಲದ ಪಥ್ಯ ಹಿಡಿಸುವ ರೂಢಿ ನಮ್ಮಲ್ಲಿದೆ. ವೈರಸ್ಸಿನಿಂದ ಬಂದ ಕಾಮಾಲೆ ಬಹಳ ಸಲ ತಾನಾಗಿ ಇಳಿಯುವುದರಿಂದ ಔಷಧಿಗೆ ನಂಬಿಕೆ ಬಂದಿದೆ. ನಾಳ ಕಟ್ಟಿದ ಕಾಮಾಲೆಯನ್ನು ಹೀಗೆ ಕಾಯುತ್ತ ಕೂರುವುದು ಅಪಾಯ. ನಿಂತ ರಸಕ್ಕೆ ಸೋಂಕು ತಗಲಿದರೆ ಚಳಿಜ್ವರ, ರಕ್ತದೊತ್ತಡ ಕುಸಿತ. ಕಲ್ಲು ಮೇದೋಜೀರಕದ ನಾಳವನ್ನೂ ತಡೆದರೆ ಆ ಗ್ರಂಥಿಗೇ ಉರಿಯೂತ, ಬೆನ್ನಿಗೆ ತೂರುವ ಭೀಕರ ನೋವು. ಮೊದಲ ದಿನವೇ ಲಿವರ್ ಫಂಕ್ಷನ್ ಟೆಸ್ಟ್ ಮತ್ತು ಅಲ್ಟ್ರಾಸೌಂಡ್ ಎರಡೂ ಆಗಲಿ. ರಿಪೋರ್ಟಿನಲ್ಲಿ ಡೈರೆಕ್ಟ್ ಬಿಲಿರುಬಿನ್ ಮತ್ತು ಆಲ್ಕಲೈನ್ ಫಾಸ್ಫಟೇಸ್ ಏರಿವೆಯೇ, ಪಿತ್ತನಾಳ 6 ಮಿಲಿಮೀಟರ್‌ಗಿಂತ ಅಗಲವಾಗಿದೆಯೇ ಎಂದು ಕೇಳಿ. ಚಿಕ್ಕಾಸ್ಪತ್ರೆಯಲ್ಲೂ ಆಗುವ ಈ ಎರಡು ಪರೀಕ್ಷೆ ದಾರಿ ತೋರಿಸುತ್ತವೆ.

ನಾಳದ ಕಲ್ಲನ್ನು ಬಾಯಿಯ ಮೂಲಕ ಟ್ಯೂಬ್ ಇಳಿಸಿ ತೆಗೆಯುವ ಇಆರ್‌ಸಿಪಿಗೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗಿ ಬರುವುದು ಹೆಚ್ಚು. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಆಸುಪಾಸು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಂಗಳೂರು ದಾರಿಯ ಸಂಪಾಜೆ ಘಾಟಿ ವಾರಗಟ್ಟಲೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ನೋವು ಬಂದು ಹೋಗುತ್ತಿರುವವರು, ಅದರಲ್ಲೂ ನಾಳಕ್ಕೆ ಸುಲಭವಾಗಿ ಜಾರುವ ಸಣ್ಣ ಕಲ್ಲುಗಳಿರುವವರು, ಆಪರೇಷನ್ನನ್ನು ಮಳೆಗಾಲಕ್ಕೆ ಮುಂಚೆ ಮುಗಿಸಿಕೊಳ್ಳುವುದು ಜಾಣತನ ಎಂದು ನನ್ನ ಅಭಿಪ್ರಾಯ. ಕಾಫಿ ಕೊಯ್ಲು ಮುಗಿಯಲಿ ಎಂದು ಮಾರ್ಚ್‌ವರೆಗೆ ಕಾಯುವುದು ಅರ್ಥವಾಗುತ್ತದೆ. ಮಾರ್ಚ್ ದಾಟಿ ಜೂನ್‌ಗೆ ತಳ್ಳಬೇಡಿ.

ಗರ್ಭಿಣಿಯರ ವಿಷಯ ಬೇರೆ. ಆ ತಿಂಗಳುಗಳಲ್ಲಿ ಹಾರ್ಮೋನಿನ ಪ್ರಭಾವಕ್ಕೆ ಪಿತ್ತಕೋಶ ನಿಧಾನವಾಗುತ್ತದೆ, ಗಸಿ ಕಟ್ಟುತ್ತದೆ. ಹೆರಿಗೆಯಾದ ಮೇಲೆ ಬಹಳ ಮಂದಿಗೆ ಅದು ತಾನಾಗಿ ಕರಗುತ್ತದೆ. ಆದರೆ ಬಾಣಂತನದಲ್ಲಿ ಒಮ್ಮೆಲೇ ತುಪ್ಪದ ಊಟ ಶುರುವಾದಾಗ ನೋವು ಬಂದರೆ ಅದನ್ನು ಬಾಣಂತಿಗೆ ವಾಯು ಎಂದು ತಳ್ಳಿಹಾಕುವುದು ಸರಿಯಲ್ಲ. ಒಂದು ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆ, ಮಗುವಿಗೆ ಹಾಲುಣಿಸಲು ಅದರಿಂದ ಏನೂ ತೊಂದರೆ ಇಲ್ಲ.

ಬಾಳೆದಿಂಡಿನ ರಸ ಕುಡಿದು ಪಿತ್ತಕೋಶದ ಕಲ್ಲು ಕರಗಿಸುತ್ತೇವೆ ಎನ್ನುವವರು ಗಮನಿಸಬೇಕು, ಆ ಮದ್ದಿನ ಹೆಸರು ಇರುವುದು ಮೂತ್ರಪಿಂಡದ ಕಲ್ಲಿಗೆ. ಆ ಕಲ್ಲು ಕ್ಯಾಲ್ಸಿಯಂದು, ಇದು ಹೆಚ್ಚಾಗಿ ಕೊಲೆಸ್ಟ್ರಾಲಿನದು. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಬೆಳಿಗ್ಗೆ ಹಸಿರು ಉಂಡೆಗಳು ಹೊರಬಂದವು ಎಂಬ ವಿಡಿಯೋಗಳೂ ಹರಿದಾಡುತ್ತಿವೆ. ಆ ಉಂಡೆಗಳು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಾಗಿ ಗಟ್ಟಿಯಾದದ್ದು. ಅಷ್ಟು ಎಣ್ಣೆಗೆ ಪಿತ್ತಕೋಶ ಬಲವಾಗಿ ಹಿಂಡಿ, ಇದ್ದ ಕಲ್ಲನ್ನು ನಾಳಕ್ಕೆ ತಳ್ಳುವ ಸಾಧ್ಯತೆ ನಿಜ. ಕರಗಿಸಲು ಈಗ ಸಾಮಾನ್ಯವಾಗಿ ಕೊಡುವ ಮಾತ್ರೆ ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಕೆಲಸ ಮಾಡುವ ಚೀಲದಲ್ಲಿ, ಕ್ಯಾಲ್ಸಿಯಂ ಸೇರದ ಸಣ್ಣ ಕೊಲೆಸ್ಟ್ರಾಲ್ ಕಲ್ಲಿಗೆ ಮಾತ್ರ, ಆರು ತಿಂಗಳಿಂದ ಎರಡು ವರ್ಷ ನುಂಗಬೇಕು. ನಿಲ್ಲಿಸಿದ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಮತ್ತೆ ಕಲ್ಲು ಬರುತ್ತದೆ. ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್ 1882ರಲ್ಲಿ ಕಲ್ಲಿನ ಜೊತೆ ಚೀಲವನ್ನೇ ತೆಗೆದದ್ದು ಇದೇ ತರ್ಕದ ಮೇಲೆ: ಕಲ್ಲು ತೆಗೆದು ಚೀಲ ಬಿಟ್ಟರೆ ಚೀಲ ಮತ್ತೆ ಕಲ್ಲು ಮಾಡುತ್ತದೆ.

ಚೀಲ ಹೋದ ಮೇಲೆ ಏನಾಗುತ್ತದೆ? ಆನೆಗೆ ಆದಂತೆಯೇ, ರಸ ದಿನವಿಡೀ ಕರುಳಿಗೆ ಜಿನುಗುತ್ತದೆ. ಕೊಬ್ಬು ಜೀರ್ಣವಾಗುತ್ತದೆ, ವಿಟಮಿನ್‌ಗಳು ಸೇರುತ್ತವೆ. ಒಮ್ಮೆಗೇ ಬಹಳ ಜಿಡ್ಡು ಬಿದ್ದರೆ ಮಾತ್ರ ಮೊದಲ ದಿನಗಳಲ್ಲಿ ಕಷ್ಟ. ಆದ್ದರಿಂದ ಮೊದಲ ಎರಡರಿಂದ ನಾಲ್ಕು ವಾರ ದಿನದ ಊಟವನ್ನು ಐದು ಹೊತ್ತಿಗೆ ಹಂಚಿ, ಹೊತ್ತಿಗೆ 10 ಗ್ರಾಂ ಆಸುಪಾಸಿನಿಂದ ಕೊಬ್ಬನ್ನು ನಿಧಾನ ಏರಿಸುತ್ತ ಹೋಗಬೇಕು. ಪೂರ್ತಿ ಬಿಡಬೇಡಿ, ಬಸಳೆ, ಹರಿವೆ, ನುಗ್ಗೆ ಸೊಪ್ಪಿನ ಎ ವಿಟಮಿನ್ ಮೈಗೆ ಸೇರಲು ಊಟದಲ್ಲಿ ಒಂದು ಟೀ ಚಮಚ ಎಣ್ಣೆಯಾದರೂ ಇರಬೇಕು. ತೆಂಗಿನೆಣ್ಣೆಗೆ ಪಿತ್ತರಸ ಬೇಡ ಎಂಬ ಮಾತು ಅರ್ಧ ನಿಜ. ಅದರಲ್ಲಿ ಪಿತ್ತರಸವಿಲ್ಲದೆ ಸುಲಭವಾಗಿ ಹೀರುವ ಚಿಕ್ಕ ಕೊಬ್ಬಿನಾಮ್ಲಗಳು ಸ್ವಲ್ಪ ಭಾಗ ಮಾತ್ರ, ಅರ್ಧದಷ್ಟು ಲಾರಿಕ್ ಆಮ್ಲ. ಲೆಕ್ಕ ಹಾಕುವಾಗ ಬೇರೆ ಎಣ್ಣೆಯಂತೆಯೇ ಹಾಕಿ. ಲ್ಯಾಪರೋಸ್ಕೋಪಿ ಆದವರು ಮಾರನೆಯ ದಿನವೋ ಅದರ ಮರುದಿನವೋ ಮನೆಗೆ ಬರುತ್ತಾರೆ, ಓಡಾಡಲು ಅಡ್ಡಿಯಿಲ್ಲ. 50 ಕಿಲೋ ಕಾಫಿ ಮೂಟೆ ಹೊರುವ ಕೆಲಸಕ್ಕೆ ಮಾತ್ರ ನಾಲ್ಕರಿಂದ ಆರು ವಾರ ಬೇಕು, ಹೊಕ್ಕುಳಿನ ತೂತು ಗಟ್ಟಿಯಾಗದೆ ಹೊತ್ತರೆ ಹರ್ನಿಯಾ ಬರಬಹುದು. ಲೈನ್ ಮನೆಯ ಕಾರ್ಮಿಕರಿಗೆ ಈ ರಜೆ ಸಿಗುವಂತೆ ತೋಟದ ಮಾಲೀಕರು ನೋಡಿಕೊಳ್ಳಬೇಕು.

ಕೆಲವರಿಗೆ ಆಪರೇಷನ್ ಆದ ಮೇಲೆ ಊಟವಾದ ಕೂಡಲೇ ನೀರುನೀರಾಗಿ ಭೇದಿಯಾಗುತ್ತದೆ, ಬೆಳಿಗ್ಗೆ ಹೆಚ್ಚು. ಇದು ಕೊಬ್ಬು ಜೀರ್ಣವಾಗದ ಭೇದಿಯಲ್ಲ. ಹೀರದೆ ಉಳಿದ ಪಿತ್ತ ಲವಣ ದೊಡ್ಡ ಕರುಳಿಗೆ ಬಿದ್ದು ನೀರನ್ನು ಎಳೆಯುವುದು. ಬಹುತೇಕ ಕೆಲವು ವಾರಗಳಲ್ಲಿ ತಗ್ಗುತ್ತದೆ. ಇಸಬ್‌ಗೋಲ್ ಒಂದೆರಡು ಟೀ ಚಮಚ ನೀರಿನಲ್ಲಿ ಕಲಸಿ ಊಟದ ಹೊತ್ತಿಗೆ ಕುಡಿದರೆ ಅನೇಕರಿಗೆ ಸಾಕಾಗುತ್ತದೆ. ಎಂಟು ವಾರ ಕಳೆದರೂ ನಿಲ್ಲದಿದ್ದರೆ ಕೋಲೆಸ್ಟೈರಮಿನ್ ಪುಡಿ ಬರೆದುಕೊಡುತ್ತಾರೆ, ಒಂದು ಪೊಟ್ಟಣದಲ್ಲಿ 4 ಗ್ರಾಂ, ನೀರಿನಲ್ಲಿ ಚೆನ್ನಾಗಿ ಕಲಸಿ ಕುಡಿಯುವುದು. ಇದು ಪಿತ್ತ ಲವಣವನ್ನು ಹಿಡಿಯುವಂತೆಯೇ ಬೇರೆ ಮಾತ್ರೆಗಳನ್ನೂ ಹಿಡಿದುಬಿಡುತ್ತದೆ. ಥೈರಾಯ್ಡ್, ಬಿಪಿ, ಹೃದಯದ ಮಾತ್ರೆಗಳನ್ನು ಪುಡಿಗೆ ಒಂದು ಗಂಟೆ ಮೊದಲು, ಇಲ್ಲವೇ ನಾಲ್ಕರಿಂದ ಆರು ಗಂಟೆ ಬಿಟ್ಟು ನುಂಗಬೇಕು. ತಿಂಗಳುಗಟ್ಟಲೆ ಈ ಪುಡಿ ಕುಡಿಯುವವರಲ್ಲಿ ಎ, ಡಿ, ಇ, ಕೆ ವಿಟಮಿನ್‌ಗಳು ಕಡಿಮೆಯಾಗಬಹುದು, ಏಕೆಂದರೆ ಅವನ್ನು ಹೊರುವ ಲವಣವೇ ಪುಡಿಯ ಪಾಲಾಗುತ್ತದೆ. ಆರು ತಿಂಗಳಿಗೊಮ್ಮೆ ಡಿ ಮಟ್ಟ ಮತ್ತು ಐಎನ್‌ಆರ್ ನೋಡಿಸಿ, ಭೇದಿ ಹಿಡಿತಕ್ಕೆ ಬಂದಿದ್ದರೆ ಪುಡಿಯನ್ನು ಕಡಿಮೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ.